ಗಟ್ಟಿ ಬಣ್ಣದ ಕಣ್ಣು

ಜನವರಿ ೧೪

ಮಾವ,

ನೀವು ಸುಖವಾಗಿ ಮನೆ ಸೇರಿದಿರೆಂದು ಅತ್ತೆ ಫೋನ್ ಮಾಡಿದ್ದರು. ಫೋನನ್ನು ನಿಮ್ಮ ಕೈಗೂ ಕೊಟ್ಟರು. ನೀವು ಎಂದಿನಂತೆ ಎರಡು ಸಲ ‘ಹ್ಞೂಂ’ ಎಂದು ಇಟ್ಟುಬಿಟ್ಟಿರಿ. ಫೋನಿನಲ್ಲಿ ಮೌನಿ, ಕಾಗದದಲ್ಲಿ ವಾಗ್ಮಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಯ ಸಂಶೋಧನೆಯ ಕೋಣೆಯಲ್ಲಿ ಕೊಳವೆಯೊಳಗೆ ಕಣ್ಣಿಟ್ಟು ಗುಂಡಿ ತಿರುಗಿಸಿದಿರಲ್ಲ, ಅದರ ಫಲಿತಾಂಶ ಬಂದಿದೆ. ಈವರೆಗೆ ಆ ಕುರ್ಚಿಯಲ್ಲಿ ಕೂತವರಲ್ಲೆಲ್ಲ ನಿಮ್ಮದೇ ಮೇಲು.

ಅಂದು ಗದ್ದಲದಲ್ಲಿ ಸರಿಯಾಗಿ ವಿವರಿಸಲಾಗಲಿಲ್ಲ. ಕಣ್ಣಿನ ಹಿಂಗೋಡೆಯ ನಟ್ಟನಡುವೆ, ನಾವು ಒಂದು ವಸ್ತುವನ್ನು ನೆಟ್ಟು ನೋಡುವಾಗ ಕೆಲಸ ಮಾಡುವ ಜಾಗದಲ್ಲಿ, ಒಂದು ಹಳದಿ ಬಣ್ಣ ಇರುತ್ತದೆ. ಮೈ ಅದನ್ನು ತಾನಾಗಿ ತಯಾರಿಸಲಾರದು. ಸೊಪ್ಪು, ಮೆಕ್ಕೆಜೋಳ, ಮೊಟ್ಟೆಯ ಹಳದಿ ಇವುಗಳಿಂದ ಬರಬೇಕು. ಒಳಗೆ ಬರುವ ನೀಲಿ ಬೆಳಕಿನ ಝಳವನ್ನು ಹೀರಿಕೊಂಡು ಅದು ಕಣ್ಣನ್ನು ಕಾಯುತ್ತದೆ. ಕೊಳವೆಯೊಳಗೆ ನೀಲಿ ಮತ್ತು ಹಸಿರು ಬೆಳಕು ಒಂದಾದ ಮೇಲೊಂದು ಮಿನುಗುತ್ತವೆ. ಮಿನುಗು ನಿಲ್ಲುವವರೆಗೆ ನೀಲಿಯನ್ನು ಏರಿಸಬೇಕು. ಒಳಗಿನ ಹಳದಿ ದಟ್ಟವಾಗಿದ್ದಷ್ಟೂ ನೀಲಿ ಹೆಚ್ಚು ಬೇಕಾಗುತ್ತದೆ. ಗ್ಲಾಕೋಮಾ ಇರುವವರಲ್ಲಿ ಈ ಹಳದಿ ಕಡಿಮೆಯಿರುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಹೌದೆಂದು ಹೇಳಿದವರಿದ್ದಾರೆ. ಯಾಕೆ ಎಂದು ಗಟ್ಟಿಯಾಗಿ ಹೇಳಿದವರು ಇನ್ನೂ ಇಲ್ಲ.

ಅಂಕಿಗಿಂತ ನನಗೆ ಬೆರಗಾದದ್ದು ನಿಮ್ಮ ಕೈ. ಬೇರೆಯವರು ಪ್ರತಿ ಸಲವೂ ಗುಂಡಿಯನ್ನು ಒಂದೊಂದು ಕಡೆ ನಿಲ್ಲಿಸುತ್ತಾರೆ. ನೀವು ಮತ್ತೆ ಮತ್ತೆ ಮಾಡಿದರೂ ಅದೇ ಗೆರೆಯ ಮೇಲೆ ನಿಲ್ಲಿಸಿದಿರಿ. ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ನಾನು ಅದನ್ನು ಬಿಚ್ಚಿ ನೋಡಿದೆ. ನಮ್ಮ ಡಾಕ್ಟರಮ್ಮ ‘ಇವರು ಏನ್ ಕೆಲಸ ಮಾಡ್ತಾರೆ’ ಎಂದು ಕೇಳಿದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಶೇಡ್ ಮೇಸ್ತ್ರಿ, ಬಟ್ಟೆಯ ಬಣ್ಣ ಮಾದರಿಗೆ ಹೊಂದುತ್ತದೋ ಇಲ್ಲವೋ ಎಂದು ತೀರ್ಪು ಕೊಡುವವರು ಎಂದೆ. ಎಡಗಣ್ಣು ಮುಚ್ಚಿ ಬಲಗಣ್ಣೊಂದರಲ್ಲೇ ನೋಡುತ್ತಾರೆ, ಯಾಕೆಂದರೆ ಎರಡು ಕಣ್ಣೂ ತೆರೆದರೆ ಅವು ಒಂದಕ್ಕೊಂದು ವಾದ ಮಾಡುತ್ತವಂತೆ, ಎಂದೂ ಹೇಳಿದೆ. ಅವರು ನಗಲಿಲ್ಲ. ಬರೆದುಕೊಂಡರು.

ಅಂದಹಾಗೆ, ಆ ಬಲಗಣ್ಣಿನ ಒತ್ತಡ ಹೆಚ್ಚಿದೆ, ನರವೂ ತುಸು ತೆಳುವಾದಂತಿದೆ, ಗ್ಲಾಕೋಮಾ ಶುರುವಾಗಿದೆ ಎಂದು ಅವರು ಹನಿ ಔಷಧಿ ಕೊಟ್ಟಿದ್ದಾರಲ್ಲ, ಮಲಗುವ ಮುಂಚೆ ದಿನಾ ಒಂದು ಹನಿ, ಮರೆಯಬೇಡಿ. ಇನ್ನೊಂದು ಪರೀಕ್ಷೆ ಬಾಕಿ ಉಳಿದಿದೆ. ರೈಲಿಗೆ ಹೊತ್ತಾಯಿತೆಂದು ನೀವು ಓಡಿದಿರಿ.

ನಿಮ್ಮ
ಗುಂಡುಸೂಜಿ


ಫೆಬ್ರವರಿ ೨

ಗುಂಡುಸೂಜೀ,

ತಲೆ ದಪ್ಪ, ಮೈ ಸಪೂರ, ಮೊನೆ ಚೂಪು ಎಂದು ಅಕ್ಕನ ಮಗಳಿಗೆ ಈ ಹೆಸರಿಟ್ಟವನು ನಾನು. ಈಗ ಅದೇ ಮೊನೆಯಿಂದ ನನ್ನ ಅಂಗಿಗೆ ಪದಕ ಚುಚ್ಚಿದ್ದೀಯ.

ನಿನ್ನ ಪತ್ರವನ್ನು ಕಾರ್ಖಾನೆಗೆ ಒಯ್ದೆ. ಓದಿ ಹೇಳು ಎಂದು ಯಾರೂ ಕೇಳಲಿಲ್ಲ, ಆದರೂ ಓದಿ ಹೇಳಿದೆ. ಮಾಲೀಕರು ಕನ್ನಡಕ ಏರಿಸಿಕೊಂಡು ತಾವೇ ಇನ್ನೊಂದು ಸಲ ಓದಿದರು. ಬಾಯ್ಲರಿನವನು, ಮೇಸ್ತ್ರಿಯ ಕಣ್ಣನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲಲ್ಲಿ ಇಡಬೇಕು ಎಂದ. ಕಣ್ಣು ಪೆಟ್ಟಿಗೆಯಲ್ಲಿ ಕೂತರೆ ಹೊಟ್ಟೆಗೆ ಹಾಕುವವರು ಯಾರು ಎಂದೆ. ಆಸ್ಪತ್ರೆಯವರು ಒಂದು ವಿಷಯವನ್ನು ಕಂಡುಹಿಡಿಯಲು ಇಷ್ಟು ಯಂತ್ರ ಇಟ್ಟಿದ್ದಾರೆ, ನನ್ನ ಸಂಬಳ ಕೊಡುವವರು ಅದನ್ನು ಎಂದೋ ಕಂಡುಹಿಡಿದಿದ್ದರು ಎಂಬುದು ಅವರ ಹೆಮ್ಮೆ. ನನಗೂ ಸ್ವಲ್ಪ ಹೆಮ್ಮೆಯಾಯಿತು. ಸ್ವಲ್ಪ ಎಂದದ್ದು ಸಂಕೋಚಕ್ಕೆ.

ನಿನ್ನ ಅತ್ತೆಗೆ ಸೊಪ್ಪಿನ ಮಹಿಮೆ ತಿಳಿಸಿದೆ. ಈಗ ಮೂರು ಹೊತ್ತೂ ತಟ್ಟೆ ಹಸಿರು. ಮೊಟ್ಟೆಯಲ್ಲಿ ಹಳದಿ ನನಗೆ, ಬಿಳಿ ಅವಳಿಗೆ. ತಾನು ಕಟ್ಟಿಕೊಂಡದ್ದು ಗಂಡನನ್ನೋ ಆಡನ್ನೋ ಎಂದು ಅವಳು ಪಾತ್ರೆಗಳನ್ನು ಕೇಳುತ್ತಿರುತ್ತಾಳೆ. ನಾನು ಅವಳಿಗೆ ಒಪ್ಪಿಸಿದ ಪದ್ಯ:

ತಟ್ಟೆಯಲಿ ಸೊಪ್ಪು, ಕಣ್ಣಿಗಿಲ್ಲ ಮುಪ್ಪು;
ಹೀಗೆಂದ ಗಂಡನದು ಏನೇ ತಪ್ಪು?

ಅವಳು ಪದ್ಯಕ್ಕೆ ಪದ್ಯ ಹೇಳುವವಳಲ್ಲ. ಉಪ್ಪು ಕಡಿಮೆ ಹಾಕಿದಳು.

ಇನ್ನು ಹನಿಯ ವಿಷಯ. ಹಾಕಿಕೊಂಡೆ. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು. ದಿನವಿಡೀ ಬೂದು, ತಿಳಿಗಂದು, ಮಾಸಲು ಬಿಳಿ ಇವುಗಳ ನಡುವೆ ನ್ಯಾಯ ಹೇಳುವವನಿಗೆ ಕೆಂಪು ಕಣ್ಣು ಎಂದರೆ ಕುಡಿದು ಪೀಠದಲ್ಲಿ ಕೂತ ನ್ಯಾಯಾಧೀಶನ ಹಾಗೆ. ಹಾಗೆಂದು ನಿನ್ನ ಮಾತು ತೆಗೆದುಹಾಕುವವನು ನಾನಲ್ಲ. ಔಷಧಿ ಕಪಾಟಿನಲ್ಲಿ ಭದ್ರವಾಗಿದೆ. ಇಷ್ಟು ದಟ್ಟ ಬಣ್ಣವಿರುವ ಕಣ್ಣಿಗೆ ಅದರ ಅಗತ್ಯ ಎಷ್ಟು ಎಂದು ನಿಮ್ಮ ಡಾಕ್ಟರಮ್ಮನನ್ನು ಬಿಡುವಾದಾಗ ಕೇಳು. ಅವಸರವಿಲ್ಲ.

ಪ್ರಥಮ ದರ್ಜೆಯ
ಮಾವ


ಮಾರ್ಚ್ ೨೦

ಮಾವ,

ಕೇಳಿದೆ. ಅಗತ್ಯ ಇದೆಯಂತೆ, ಒಂದು ದಿನವೂ ತಪ್ಪಿಸಬಾರದಂತೆ, ಕೆಂಪು ತಾನಾಗಿ ತಗ್ಗುತ್ತದಂತೆ. ತಗ್ಗಿರಬೇಕು ಎಂದುಕೊಂಡಿದ್ದೇನೆ.

ಇಲ್ಲಿ ಕೆಲಸ ಸಾಗಿದೆ. ಗ್ಲಾಕೋಮಾ ಇರುವವರು, ಇಲ್ಲದವರು, ಎರಡು ಸಾಲು. ಬೆಳಗಿನಿಂದ ಸಂಜೆಯವರೆಗೆ ‘ಗಲ್ಲ ಇಲ್ಲಿಡಿ, ಗುಂಡಿ ಅಲ್ಲಿದೆ’ ಎಂದು ಹೇಳಿ ಹೇಳಿ, ಮೊನ್ನೆ ಬಸ್ಸಿನಲ್ಲಿ ಪಕ್ಕದವರಿಗೂ ಗಲ್ಲ ಇಲ್ಲಿಡಿ ಎನ್ನುವವಳಿದ್ದೆ. ಗ್ಲಾಕೋಮಾ ಇರುವವರಲ್ಲಿ ಬೆಳಕು ಚುಚ್ಚುತ್ತದೆ ಎನ್ನುವವರು ಬಹಳ. ಎದುರಿನ ವಾಹನದ ದೀಪ, ಒದ್ದೆ ರಸ್ತೆಯ ಹೊಳಪು, ಬಿಳಿ ಗೋಡೆಯ ಬಿಸಿಲು. ಅಂಥವರ ಅಂಕಿ ಹೆಚ್ಚಾಗಿ ಕೆಳಗಿರುತ್ತದೆ. ನಿಮಗೆ ಮಾತ್ರ ಯಾವ ಬೆಳಕೂ ಚುಚ್ಚುವುದಿಲ್ಲ.

ಇವತ್ತು ಊಟದ ಹೊತ್ತಿನಲ್ಲಿ ಡಾಕ್ಟರಮ್ಮನಿಗೆ ನಿಮ್ಮ ಪರದೆಯ ಕಥೆ ಹೇಳಿದೆ. ನಿಮ್ಮದೇ ಕಾರ್ಖಾನೆಯಲ್ಲಿ ಅಮ್ಮನ ಪಾಳಿ ಮುಗಿಯುವವರೆಗೆ ನಾನು ನಿಮ್ಮ ಕಿಟಕಿಯ ಕೆಳಗೆ ಕೂತು ಪಾಠ ಬರೆಯುತ್ತಿದ್ದ ಕಾಲದ್ದು. ಯಾರೋ ಮುದುಕಿ ಬಿಸಿಲಿಗೆ ಮಾಸಿದ ಪರದೆಯೊಂದನ್ನು ತಂದು, ಇದು ಮೊದಲು ಯಾವ ಬಣ್ಣ ಇತ್ತೋ ಅದೇ ಬಣ್ಣ ಬೇಕು ಎಂದಳು. ಮೊದಲು ಯಾವುದಿತ್ತು ಎಂದರೆ ಅವಳಿಗೆ ನೆನಪಿಲ್ಲ. ಎಲ್ಲರೂ ನಕ್ಕರು. ನೀವು ಮೂಲೆಯ ಹೊಲಿಗೆ ಬಿಚ್ಚಿ, ಮಡಿಕೆಯ ಒಳಗೆ ಬಿಸಿಲು ಕಾಣದೆ ಉಳಿದಿದ್ದ ಬೆರಳಗಲ ಬಟ್ಟೆಯನ್ನು ತೋರಿಸಿದಿರಿ. ಅಚ್ಚ ನೇರಳೆ. ಮುದುಕಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಬೆಳಕು ಏನೆಲ್ಲವನ್ನು ತಿನ್ನುತ್ತದೆ ಎಂದು ನಾನು ಮೊದಲು ತಿಳಿದದ್ದು ಅಲ್ಲಿ. ಕಾಲೇಜಿನಲ್ಲಿ ಕಲಿತದ್ದು ಅದರ ಮೇಲಿನ ಪದರ ಅಷ್ಟೆ.

ಡಾಕ್ಟರಮ್ಮ ತಟ್ಟೆ ಬದಿಗಿಟ್ಟು ಕೇಳಿದರು. ಆಮೇಲೆ, ಹನಿ ಹಾಕ್ತಿದ್ದಾರಾ ಎಂದರು. ಹೌದು ಎಂದು ನಿಮ್ಮ ಪರವಾಗಿ ನಾನೇ ಹೇಳಿದೆ. ಮುಂದಿನ ಬಾಟಲಿ ಯಾವಾಗ ಕಳಿಸಲಿ, ಬರೆಯಿರಿ.

ನಿಮ್ಮ
ಗುಂಡುಸೂಜಿ


ಮೇ ೬

ಗುಂಡುಸೂಜೀ,

ಉತ್ತರ ತಡವಾಯಿತು. ಮನಸ್ಸು ಸರಿ ಇರಲಿಲ್ಲ. ಮನಸ್ಸು ಸರಿ ಇಲ್ಲದಾಗ ಪ್ರಾಸ ಬರುವುದಿಲ್ಲ, ಪ್ರಾಸ ಬರದಿದ್ದರೆ ಪತ್ರ ಬರೆಯಲು ನನಗೆ ನಾಚಿಕೆ.

ತಿಳಿನೀಲಿ ಪರದೆ ಬಟ್ಟೆಯ ದೊಡ್ಡ ಲಾಟು ಹೊರಟಿತ್ತು. ಪಾಸು ಮಾಡಿದವನು ನಾನು. ಗಿರಾಕಿ ವಾಪಸು ಕಳಿಸಿದ. ಪ್ರತಿ ಥಾನಿನಲ್ಲೂ ಎಡ ಅಂಚು ನಡುವಿಗಿಂತ ಒಂದು ಎಳೆ ಗಾಢವಾಗಿದೆಯಂತೆ. ಬಿಡಿಸಿ ನೋಡಿದೆ. ನಿಜ, ಗಾಢವಾಗಿದೆ. ಆದರೆ ನಾನು ಪಾಸು ಮಾಡಿದ ದಿನ ಹಾಗಿರಲಿಲ್ಲ ಕಣೇ. ಬಟ್ಟೆ ಚೌಕಟ್ಟಿನ ಮೇಲೆ ಓಡುತ್ತಿರುವಾಗ ನಡುವಿನಲ್ಲಿ ದೃಷ್ಟಿ ನೆಟ್ಟರೆ ಎರಡೂ ಅಂಚು ನನಗೆ ತಾವಾಗಿ ತಿಳಿಯುತ್ತವೆ. ಈ ಕೆಲಸದಲ್ಲಿ ಕೂದಲು ನೆರೆಸಿಕೊಂಡವನು ನಾನು. ಅಂದು ಎಡ ಅಂಚು ನಡುವಿನಷ್ಟೇ ನೀಲಿ ಇತ್ತು, ಇದೇ ಬಲಗಣ್ಣಿನಿಂದ ಕಂಡಿದ್ದೇನೆ. ಗೋದಾಮಿನಲ್ಲಿ ಥಂಡಿ ಹಿಡಿದಿರಬೇಕು ಎಂದೆ. ಗೋದಾಮಿನವನಿಗೂ ನನಗೂ ಮಾತು ನಿಂತಿತು.

ಆಮೇಲೆ ಇನ್ನೊಂದು ಲಾಟು, ಕಂದು ಬಣ್ಣದ್ದು. ಅದೂ ವಾಪಸು. ಅದೇ ಎಡ ಅಂಚು.

ಮಾಲೀಕರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆಗಲ ಮೇಲೆ ಕೈಯಿಟ್ಟರು. ‘ಮೇಸ್ತ್ರಿ, ಓಡೋ ಬಟ್ಟೆ ಬೇರೆಯವರು ನೋಡ್ಕೊಳ್ಲಿ. ನೀವು ಮಾದರಿ ಕೋಣೇಲಿ ಆರಾಮಾಗಿ ಕೂತಿರಿ’ ಎಂದರು. ಮಾದರಿ ಕೋಣೆ ನೀನು ನೋಡಿದ್ದೀಯ. ಕಿಟಕಿಯಿಲ್ಲ. ಹಳೆಯ ತುಂಡುಗಳನ್ನು ಹಳೆಯ ಮೇಸ್ತ್ರಿಗಳ ಜೊತೆ ಇಡುವ ಜಾಗ. ತಿಂಗಳ ಕೊನೆಯೊಳಗೆ ಹೇಳಿ ಎಂದಿದ್ದಾರೆ.

ನನ್ನ ಕಣ್ಣು ಎಂಥದ್ದೆಂದು ನಿಮ್ಮ ಯಂತ್ರವೇ ಹೇಳಿದೆ. ಆ ಅಂಕಿಯನ್ನು ಆಸ್ಪತ್ರೆಯ ಮೊಹರಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ಕಳಿಸಲು ಆಗುತ್ತದೆಯೇ? ಮಾಲೀಕರಿಗೆ ತೋರಿಸಬೇಕು. ಬೇರೇನೂ ಬೇಡ.

ಬಾಟಲಿ ಕಳಿಸಬೇಡ. ಮೊದಲಿನದೇ ಮುಕ್ಕಾಲು ಉಳಿದಿದೆ. ನಾನು ಮಿತವ್ಯಯಿ.

ಮಾವ


ಮೇ ೧೧

ಮಾವ,

ಈ ಪತ್ರದಲ್ಲಿ ಪ್ರಾಸ ಹುಡುಕಬೇಡಿ.

ದಿನಾ ಹಾಕಿದರೆ ಆ ಬಾಟಲಿ ಒಂದು ತಿಂಗಳು ಬರುತ್ತದೆ. ಜನವರಿಯದು ಮೇ ತಿಂಗಳಲ್ಲಿ ಮುಕ್ಕಾಲು ಉಳಿದಿದೆ ಎಂದರೆ ನೀವು ಒಂದು ವಾರ ಹಾಕಿ ಬಿಟ್ಟಿದ್ದೀರಿ. ಯಾಕೆ ಬಿಟ್ಟಿರೆಂದೂ ಗೊತ್ತು. ನನ್ನ ಪತ್ರವೇ ಕಾರಣ. ಇಡೀ ಪತ್ರ ಹೊಗಳಿದೆ, ಔಷಧಿಯನ್ನು ‘ಅಂದಹಾಗೆ’ ಎಂದು ಬಾಲಕ್ಕೆ ಕಟ್ಟಿದೆ. ಬಾಲವನ್ನು ಯಾರು ಓದುತ್ತಾರೆ.

ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಗಿರಾಕಿಯೊಬ್ಬ ಬಂದು, ಈ ಬಟ್ಟೆಯ ಬಣ್ಣ ಗಟ್ಟಿ, ಎಷ್ಟು ಒಗೆದರೂ ಬಿಡುವುದಿಲ್ಲ, ಆದ್ದರಿಂದ ಇದು ಹರಿಯುವುದೂ ಇಲ್ಲ ಎಂದರೆ ನೀವು ಒಪ್ಪುತ್ತೀರಾ? ಬಣ್ಣ ಬೇರೆ, ನೂಲು ಬೇರೆ. ನಾನು ಅಳೆದದ್ದು ಬಣ್ಣ. ಗ್ಲಾಕೋಮಾ ತಿನ್ನುವುದು ನೂಲನ್ನು. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಲಕ್ಷಗಟ್ಟಲೆ ಎಳೆಗಳಿವೆ, ಒತ್ತಡಕ್ಕೆ ಅವು ಒಂದೊಂದಾಗಿ ಸಾಯುತ್ತವೆ. ಎರಡಕ್ಕೂ ಏನೋ ನಂಟು ಇರಬಹುದು, ಅದನ್ನೇ ಹುಡುಕುತ್ತಿದ್ದೇವೆ. ಆದರೆ ಆ ನಂಟು ಒಂದು ಗುಂಪಿನ ಸರಾಸರಿಯ ಮಾತು. ನಿಮ್ಮೊಬ್ಬರಿಗೆ ಬರೆದುಕೊಟ್ಟ ಖಾತರಿ ಅಲ್ಲ. ನಿಮಗೆ ಬಣ್ಣ ಗಟ್ಟಿ, ನೂಲು ಸವೆಯುತ್ತಿದೆ.

ಎಡ ಅಂಚು ಸರಿಯಿತ್ತು, ನಾನೇ ಕಂಡೆ ಎಂದಿರಿ. ನೀವು ಸುಳ್ಳು ಹೇಳುವವರಲ್ಲ. ಗ್ಲಾಕೋಮಾದಲ್ಲಿ ದೃಷ್ಟಿ ಹೋದ ಕಡೆ ಕಪ್ಪು ಕಾಣುವುದಿಲ್ಲ ಮಾವ. ಅಲ್ಲಿ ಏನಿರಬಹುದೆಂದು ಮೆದುಳು ಊಹಿಸಿ ಪಕ್ಕದ ಬಣ್ಣವನ್ನೇ ಬಳಿದುಬಿಡುತ್ತದೆ, ಗೆರೆ ಕಾಣದ ಹಾಗೆ. ನಿಮಗಿಂತ ಜಾಣ ಬಣ್ಣಗಾರ ಅದು. ಬಲಗಣ್ಣಿಗೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಮೂಗಿನ ಕಡೆಯ ನೋಟಕ್ಕೆ, ಎಂದರೆ ನಿಮ್ಮ ಎಡಕ್ಕೆ. ಬೀದಿಯಲ್ಲಿ, ಮನೆಯಲ್ಲಿ, ಎಡಗಣ್ಣು ಅದನ್ನು ಸರಿದೂಗಿಸುತ್ತದೆ. ಅದನ್ನು ಮುಚ್ಚಿಕೊಂಡು ನೋಡುವುದು ನೀವು ಬಟ್ಟೆಯನ್ನು ಮಾತ್ರ.

ಮೊಹರಿನ ಹಾಳೆ ಕಳಿಸುವುದಿಲ್ಲ. ಅದರ ಬದಲು ಒಂದು ಕೆಲಸ ಮಾಡಿ. ಹಗಲು ಹೊತ್ತು ಗೋಡೆಯ ಎದುರು ಕೂತು, ಎಡಗಣ್ಣು ಮುಚ್ಚಿ, ಗೋಡೆಯ ಒಂದು ಚುಕ್ಕೆಯಲ್ಲಿ ದೃಷ್ಟಿ ನೆಡಿ. ಅತ್ತೆ ಬಟ್ಟೆಗೆ ಹೊಲಿಯುವ ಒಂದು ಕೆಂಪು ಗುಂಡಿಯನ್ನು ಎಡದಿಂದ ನಿಧಾನವಾಗಿ ನಡುವಿಗೆ ತರಲಿ. ಕಂಡಾಗ ಹೇಳಿ. ಹೋದದ್ದು ಯಾವ ಹನಿಯಿಂದಲೂ ಮರಳುವುದಿಲ್ಲ. ಉಳಿದದ್ದನ್ನು ಉಳಿಸಬಹುದು.

ಕೋಪ ಬಂದರೆ ಬರಲಿ. ಉತ್ತರವೂ ಬರಲಿ.

ಗುಂಡುಸೂಜಿ


ಮೇ ೨೫

ಏನೇ ಹುಡುಗಿ,

ನಿನ್ನ ಮಾವ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನಗೆ ಪದ್ಯಗಿದ್ಯ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದ ಬಂದ ಮೇಲೆ ಅವರು ಅದನ್ನು ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಪ್ರತಿ ಕಾಗದವನ್ನೂ ನನಗೆ ಓದಿ ಹೇಳುವವರು ಇದನ್ನು ಹೇಳಲಿಲ್ಲ. ಕೊನೆಗೆ ಒಗೆಯಲು ಹಾಕಿದ ಅಂಗಿಯಲ್ಲಿ ಸಿಕ್ಕಿತು. ಓದಿದೆ. ಇನ್ನೊಬ್ಬರ ಕಾಗದ ಓದುವುದು ತಪ್ಪೆಂದು ನನಗೂ ಗೊತ್ತು, ಗಂಡ ಕುರುಡಾಗುವುದು ಅದಕ್ಕಿಂತ ದೊಡ್ಡ ತಪ್ಪು.

ಭಾನುವಾರ ಬೆಳಿಗ್ಗೆ ಕುರ್ಚಿ ಎಳೆದು ಗೋಡೆಯ ಮುಂದೆ ಹಾಕಿದೆ. ನಮ್ಮನೆ ಗೋಡೆ ಬೂದು ಬಣ್ಣ, ಅವರ ಕಣ್ಣಿಗೆ ವಿಶ್ರಾಂತಿಯೆಂದು. ಈ ಮನೆಗೆ ಬಂದಾಗಿನಿಂದ ನಾನೂ ವಾರವೆಲ್ಲ ತಿಳಿಬಣ್ಣವನ್ನೇ ಹಾಕುತ್ತೇನೆ, ಭಾನುವಾರ ಮಾತ್ರ ಕೆಂಪು ರವಿಕೆ. ಅದರದೇ ಮೇಲಿನ ಗುಂಡಿ ಕಿತ್ತುಕೊಂಡೆ. ಇದೆಲ್ಲ ಮಕ್ಕಳಾಟ ಎಂದರು. ಹಾಗಾದರೆ ಮಕ್ಕಳ ಹಾಗೆ ಕೂತುಕೊಳ್ಳಿ ಎಂದೆ. ಕೂತರು.

ಗುಂಡಿಯನ್ನು ಎಡದಿಂದ ತಂದೆ. ಕಂಡಿತಾ ಎಂದೆ, ಇನ್ನೂ ನೀನು ಶುರು ಮಾಡಿಲ್ಲವಲ್ಲ ಎಂದರು. ನನ್ನ ಕೈ ಅವರ ಮುಖದ ಮುಂದೆಯೇ ಇತ್ತು ಕಣೇ. ಇನ್ನೂ ತಂದೆ. ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಒಮ್ಮೆಲೇ ಬೆಚ್ಚಿದರು, ಗುಂಡಿ ಗೋಡೆಯೊಳಗಿಂದ ಎದ್ದು ಬಂದ ಹಾಗೆ.

‘ಇನ್ನೊಂದ್ಸಲ ಮಾಡು’ ಎಂದರು. ಮಾಡಿದೆ. ಅಲ್ಲೇ ಬೆಚ್ಚಿದರು. ಮತ್ತೆ ಮಾಡಿಸಿದರು. ಪ್ರತಿ ಸಲವೂ ಅದೇ ಜಾಗ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಅದನ್ನು ನೋಡಿ ನನಗೇ ಅನಿಸಿತು, ಈ ಮನುಷ್ಯ ಕಾಣದಿರುವುದನ್ನೂ ಎಷ್ಟು ಕರಾರುವಾಕ್ಕಾಗಿ ಕಾಣುವುದಿಲ್ಲ ನೋಡು ಎಂದು.

ಆಮೇಲೆ ಗುಂಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ತಾವೇ ಎಡಕ್ಕೂ ನಡುವಿಗೂ ಆಡಿಸಿದರು, ತುಂಬ ಹೊತ್ತು. ಕೊನೆಗೆ, ‘ಗೋದಾಮಿನವನ ಹತ್ರ ಹೋಗ್ಬರ್ತೀನಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ರಜದ ದಿನ, ಅವನ ಮನೆಗೇ ಹೋಗಿದ್ದರು. ಏನು ಮಾತಾಡಿದರೋ, ಹೇಳಿಲ್ಲ. ಬರುವಾಗ ಮುಖ ಹಗುರಾಗಿತ್ತು.

ಮುಂದಿನ ತಿಂಗಳು ಅವರನ್ನು ಕರೆದುಕೊಂಡು ಬರುತ್ತೇನೆ. ಬರುವುದಿಲ್ಲ ಎಂದರೆ ಕಟ್ಟಿ ತರುತ್ತೇನೆ. ಉಳಿದ ಆ ಪರೀಕ್ಷೆಗೆ ಹೆಸರು ಬರೆಸಿಡು. ಈ ಸಲ ರೈಲಿನ ಟಿಕೆಟು ನನ್ನ ಕೈಯಲ್ಲಿರುತ್ತದೆ.

ಅತ್ತೆ

ಸೊಪ್ಪು ನಿಲ್ಲಿಸಿಲ್ಲ. ತಿನ್ನಲಿ, ಕೆಟ್ಟದ್ದೇನಲ್ಲವಲ್ಲ.


ಜುಲೈ ೩೦

ಮಾವ,

ನೀವಿಬ್ಬರೂ ಹೋದ ಮೇಲೆ ನನ್ನ ಕೋಣೆಯಲ್ಲಿ ಮಾತು ಕಡಿಮೆಯಾಗಿದೆ. ಅತ್ತೆ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸರಿಪಡಿಸಿ ಹೋಗಿದ್ದಾರೆ, ಈಗ ನನಗೇ ಏನೂ ಸಿಗುತ್ತಿಲ್ಲ.

ಬಾಕಿಯಿದ್ದ ಆ ನೋಟದ ಪರೀಕ್ಷೆಯಲ್ಲಿ ನಿಮ್ಮನ್ನು ಕೂರಿಸಿದ್ದು ನಾನೇ. ಬಿಳಿ ಬೋಗುಣಿಯೊಳಗೆ ಅಲ್ಲಲ್ಲಿ ಚುಕ್ಕೆ ಬೆಳಕು ಮೂಡುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಸೋಲುತ್ತಿದ್ದೇನೆ ಎಂದು ಗೊತ್ತಾದರೆ ಜನ ಕಳ್ಳತನ ಮಾಡುತ್ತಾರೆ. ಕಣ್ಣು ಹೊರಳಿಸಿ ಹುಡುಕುತ್ತಾರೆ, ಕಾಣದಿದ್ದರೂ ಒತ್ತುತ್ತಾರೆ. ನಿಮ್ಮ ಕಣ್ಣು ನಡುವಿನಿಂದ ಒಮ್ಮೆಯೂ ಕದಲಲಿಲ್ಲ. ಕಾಣದ ಕಡೆ ಕೈ ಸುಮ್ಮನಿತ್ತು. ಎಡಗಡೆ ಬೆಳಕಿನ ಮೇಲೆ ಬೆಳಕು ಮೂಡುತ್ತಿತ್ತು, ನಿಮ್ಮ ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು. ಆ ಹೊತ್ತು ನಾನು ಪರದೆ ನೋಡುವುದನ್ನು ಬಿಟ್ಟು ನಿಮ್ಮ ಕೈ ನೋಡುತ್ತಿದ್ದೆ. ಮುಗಿದಾಗ ನೀವು, ‘ಎಷ್ಟ್ ಹೋಗಿದೆ ಅಂತ ಸರಿಯಾಗಿ ಹೇಳು, ಮಾವ ಅಂತ ಅಂಚು ಕತ್ತರಿಸ್ಬೇಡ’ ಎಂದಿರಿ. ಹೇಳಿದೆ. ನಾನು ಅಳುತ್ತೇನೆ ಎಂದುಕೊಂಡಿದ್ದೆ, ಅಳಲಿಲ್ಲ. ನಿಮ್ಮ ಮುಂದೆ ಅಳುವುದು ಕೆಲಸದ ಮಧ್ಯೆ ಹರಟೆ ಹೊಡೆದ ಹಾಗೆ.

ಹೊಸ ಹನಿ ಕಣ್ಣನ್ನು ಅಷ್ಟು ಕೆಂಪು ಮಾಡುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಅಲ್ಲಿಯ ಡಾಕ್ಟರು ಅಳೆದ ಒತ್ತಡ ನೋಡಿದೆ. ಚೆನ್ನಾಗಿ ಇಳಿದಿದೆ. ಹೀಗೇ ಇರಲಿ.

ನಮ್ಮ ಲೆಕ್ಕವೂ ಮುಗಿಯಿತು. ಗ್ಲಾಕೋಮಾ ಇರುವವರಲ್ಲಿ ಹಳದಿ ಬಣ್ಣ ಸರಾಸರಿಯಲ್ಲಿ ಕಡಿಮೆ, ನಿಜ. ಕಡಿಮೆಯಾದದ್ದರಿಂದ ರೋಗ ಬಂತೋ, ರೋಗ ಬಂದದ್ದರಿಂದ ಕಡಿಮೆಯಾಯಿತೋ, ಸೊಪ್ಪು ತಿಂದರೆ ತಡೆಯಬಹುದೋ, ಅದು ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆದಿದ್ದೇವೆ. ನಕ್ಷೆಯಲ್ಲಿ ಗ್ಲಾಕೋಮಾ ಇರುವವರ ಚುಕ್ಕೆಗಳೆಲ್ಲ ಕೆಳಗೆ ಒಟ್ಟಿಗೆ ಕೂತಿವೆ, ಒಂದು ಮಾತ್ರ ಮೇಲೆ ಒಂಟಿಯಾಗಿ ನಿಂತಿದೆ. ಅದು ನೀವು. ಲೆಕ್ಕ ನೋಡುವವರು, ಈ ಚುಕ್ಕೆ ಅಳತೆಯ ತಪ್ಪಿರಬಹುದು, ತೆಗೆದರೆ ಚಿತ್ರ ಅಂದವಾಗುತ್ತದೆ ಎಂದರು. ನೀವು ಮತ್ತೆ ಮತ್ತೆ ಗುಂಡಿ ನಿಲ್ಲಿಸಿದ ಅಂಕಿಗಳನ್ನು ಡಾಕ್ಟರಮ್ಮ ಅವರ ಮುಂದಿಟ್ಟರು. ‘ಇಡೀ ಪಟ್ಟಿಯಲ್ಲಿ ನಾನು ಕಣ್ಮುಚ್ಚಿ ನಂಬೋ ಅಳತೆ ಇದೊಂದೇ. ಇದನ್ನ ತೆಗೆಯೋದಾದ್ರೆ ಉಳಿದಿದ್ದೂ ಬೇಡ’ ಎಂದರು.

ಚುಕ್ಕೆ ಇದ್ದಲ್ಲೇ ಇದೆ.

ನಿಮ್ಮ
ಗುಂಡುಸೂಜಿ


ಸೆಪ್ಟೆಂಬರ್ ೧೮

ಗುಂಡುಸೂಜೀ,

ನಕ್ಷೆಯಲ್ಲಿ ನನ್ನನ್ನು ಒಂಟಿಯಾಗಿ ನಿಲ್ಲಿಸಿ, ಕೂರಲು ಒಂದು ಕುರ್ಚಿಯನ್ನೂ ಕೊಟ್ಟಿಲ್ಲವಲ್ಲ. ಇರಲಿ. ಗುಂಪಿನಲ್ಲಿ ನಿಂತು ನನಗೂ ಅಭ್ಯಾಸವಿಲ್ಲ.

ಹನಿ ಹಾಕುವ ಅಧಿಕಾರ ನಿನ್ನ ಅತ್ತೆಯದು. ನಾನು ಬಾಯಿ ಮುಚ್ಚಿ ಕಣ್ಣು ತೆರೆಯುತ್ತೇನೆ, ಇಷ್ಟು ವರ್ಷ ಮಾಡಿದ್ದು ಅದರ ತಿರುವುಮುರುವು ಎನ್ನುತ್ತಾಳೆ.

ಪರೀಕ್ಷೆ ಆಗಲಿ ಎಂದು ಮುಂದೆ ಹಾಕಿಸಿಕೊಂಡಿದ್ದ ಉತ್ತರ ಕೊಡಲು ಮಾಲೀಕರ ಹತ್ತಿರ ಹೋಗಿ, ನನ್ನ ಬಲಗಣ್ಣಿನ ಒಂದು ಮಗ್ಗುಲು ಕೆಲಸ ಬಿಟ್ಟಿದೆ, ಉಳಿದದ್ದು ಹಾಜರಿದೆ ಎಂದು ಹೇಳಿದೆ. ನಿನ್ನ ಪರೀಕ್ಷೆಯ ಚಿತ್ರವನ್ನೂ ತೋರಿಸಿದೆ, ಕಪ್ಪು ಭಾಗ ಸಮೇತ. ಅವರು ಬಹಳ ಹೊತ್ತು ನೋಡಿದರು. ಮಾದರಿ ಕೋಣೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಲಾಟು ನೋಡಿ, ಆಮೇಲೆ ಮಾತಾಡೋಣ ಎಂದರು.

ಕಡು ಹಸಿರಿನ ಲಾಟು. ಕಡು ಬಣ್ಣದಲ್ಲಿ ಅಂಚಿನ ತಪ್ಪು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಬಟ್ಟೆ ಓಡಲು ಶುರುವಾಯಿತು. ಎರಡೂ ಕಣ್ಣು ತೆರೆದು ನಿಂತೆ. ಮೊದಮೊದಲು ಅವು ವಾದ ಮಾಡಿದವು, ಆಮೇಲೆ ಸುಸ್ತಾಗಿ ರಾಜಿಯಾದವು. ಎಲ್ಲ ಸರಿಯಾಗಿಯೇ ಕಂಡಿತು. ಆದರೆ ಸರಿಯಾಗಿ ಕಾಣುವುದು ಎಂದರೇನೆಂದು ನನಗೆ ಈಗ ಗೊತ್ತು. ಕೈ ಎತ್ತಿ ಯಂತ್ರ ನಿಲ್ಲಿಸಿದೆ. ಚೌಕಟ್ಟಿನ ಹತ್ತಿರ ಹೋಗಿ ಎಡ ಅಂಚನ್ನು ಹಿಡಿದು ಮಡಿಸಿ ನಡುವಿನ ಮೇಲೆ ತಂದಿಟ್ಟೆ, ಪಕ್ಕಪಕ್ಕ ನೋಡಲು. ಇದು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ. ಬಂದವರಿಗೆಲ್ಲ ಕಲಿಸಿದವನು ನಾನು, ಮೇಸ್ತ್ರಿಯಾದ ಮೇಲೆ ಒಮ್ಮೆಯೂ ಮಾಡದವನೂ ನಾನೇ. ಮಡಿಸಿ ನೋಡುವವನಿಗೆ ಇನ್ನೂ ಕಣ್ಣು ಬಂದಿಲ್ಲ ಎಂಬುದು ನಮ್ಮಲ್ಲಿಯ ಲೆಕ್ಕ.

ನಗಲಿ ಎಂದು ಕಾದೆ. ಯಾರೂ ನಗಲಿಲ್ಲ.

ಅಂಚು ಗಾಢವಾಗಿತ್ತು. ಉಸಿರಿನಷ್ಟು. ಮಾಲೀಕರಿಗೆ ತೋರಿಸಿದೆ, ಅವರಿಗೆ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿಸಿ, ಇಲ್ಲಿ, ಎಂದು ಬೆರಳಿಟ್ಟೆ. ಆಗ ಕಂಡಿತು. ಗೋದಾಮಿನವನೂ ಬಂದು ನೋಡಿ, ಈ ಸಲ ಥಂಡಿ ಹಿಡಿಯೋಕ್ಕೆ ಮುಂಚೇನೇ ಸಿಕ್ತು ಎಂದ. ಲಾಟು ಮತ್ತೆ ಬಣ್ಣಕ್ಕೆ ಹೋಯಿತು. ನಾನು ಕಿಟಕಿಯ ಬಳಿಯೇ ಉಳಿದೆ.

ಬರೆಯಬೇಕಾದದ್ದು ಇದಲ್ಲ. ಮರುದಿನ, ಪಾಳಿಯ ನಡುವೆ, ಪಕ್ಕದ ಚೌಕಟ್ಟುಗಳ ಕಡೆ ಸುಮ್ಮನೆ ತಿರುಗಿ ನೋಡಿದೆ. ಬಟ್ಟೆ ಪರೀಕ್ಷೆ ಮಾಡುವವರು ಸಾಲಾಗಿ ನಿಂತಿದ್ದರು, ಗಂಡಸರೂ ಹೆಂಗಸರೂ, ಎಲ್ಲರೂ ನನ್ನ ಕೈಕೆಳಗೆ ಕಲಿತವರು. ಒಬ್ಬೊಬ್ಬರೂ ಎಡಗಣ್ಣು ಮುಚ್ಚಿಕೊಂಡಿದ್ದಾರೆ. ತಲೆ ಒಂಚೂರು ವಾಲಿಸಿ, ತುಟಿ ಬಿಗಿದು, ಥೇಟ್ ನನ್ನ ಹಾಗೆ. ನಾನು ಯಾರಿಗೂ ಹಾಗೆ ಮಾಡಿ ಎಂದು ಹೇಳಿಕೊಟ್ಟದ್ದಲ್ಲ ಕಣೇ. ನೋಡಿ ನೋಡಿ ಕಲಿತಿದ್ದಾರೆ. ಮೇಸ್ತ್ರಿಯ ಕಣ್ಣು ಹಾಗೆ ನೋಡುತ್ತದೆ, ನಮ್ಮದೂ ಹಾಗೇ ನೋಡಲಿ ಎಂದು. ಅವರಲ್ಲಿ ಯಾರಿಗೆ ಒಂದು ಮಗ್ಗುಲು ಹೋಗಿದೆಯೋ, ಯಾರ ಅಂಚಿಗೆ ಮೆದುಳು ಬಣ್ಣ ಬಳಿಯುತ್ತಿದೆಯೋ, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಯಂತ್ರ ನಿಲ್ಲಿಸಿ ಎಲ್ಲರನ್ನೂ ಕರೆದು ಎರಡೂ ಕಣ್ಣು ತೆರೆಯಿರಿ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಹೇಳುವುದಕ್ಕೆ ಮಧ್ಯಾಹ್ನದ ಊಟದ ಹೊತ್ತು ಪೂರ್ತಿ ಹಿಡಿಯಿತು, ಒಬ್ಬರೂ ಡಬ್ಬಿ ಬಿಚ್ಚಲಿಲ್ಲ.

ಬರುವ ತಿಂಗಳು ಎಲ್ಲರನ್ನೂ ಕರೆದುಕೊಂಡು ನಿನ್ನಲ್ಲಿಗೆ ಬರುತ್ತಿದ್ದೇನೆ. ಮಾಲೀಕರು ಒಪ್ಪಿದ್ದಾರೆ, ಕಾರ್ಖಾನೆಯ ಬಸ್ಸು ಕೊಡುತ್ತಾರೆ. ನಿಮ್ಮ ಡಾಕ್ಟರಮ್ಮನಿಗೆ ತಿಳಿಸಿಡು. ಇವರೆಲ್ಲ ನಿನ್ನ ಮಿನುಗುವ ಯಂತ್ರದ ಸುದ್ದಿ ಕೇಳಿ ಅದರಲ್ಲಿ ಮೇಸ್ತ್ರಿಯನ್ನು ಸೋಲಿಸಬೇಕೆಂದು ಪಂಥ ಕಟ್ಟಿಕೊಂಡಿದ್ದಾರೆ. ಬಂದ ಕೂಡಲೇ ಅದರ ಮುಂದೆ ಸಾಲು ನಿಲ್ಲುತ್ತಾರೆ. ನಿಲ್ಲಲು ಬಿಡಬೇಡ. ಒಬ್ಬೊಬ್ಬರದೂ ಒತ್ತಡ ಅಳೆ, ನರ ನೋಡಿಸು, ಬಿಳಿ ಬೋಗುಣಿಯ ಮುಂದೆ ಕೂರಿಸು.

ಬಣ್ಣ ಆಮೇಲೆ ನೋಡಿದರಾಯಿತು.

ಮಾವ